ಕೆಂಪು ಕಲ್ಲಿನ ಕೋಳಿಗೂಡು

ಮೊನ್ನೆ ಹುನಗುಂದದಲ್ಲಿ ಬಸ್ಸಿಗೆ ಕಾಯುತ್ತ ಹಾರ್ಡ್‌ವೇರ್ ಅಂಗಡಿಯೊಂದರ ಮುಂದೆ ನಿಂತಿದ್ದೆ. ಬಾಗಿಲ ಪಕ್ಕ ಹೊಸ ತಂತಿ ಜಾಲರಿಯ ಸುರುಳಿ ಇಟ್ಟಿದ್ದರು. ಸುಮ್ಮನಿರಲಾರದೆ ಅದರ ಮೇಲೆ ಕೈಯಾಡಿಸಿ ಅಂಗೈಯನ್ನು ಮೂಗಿಗೆ ಹಿಡಿದೆ. ತಣ್ಣನೆಯ ಲೋಹದ ವಾಸನೆ. ಇಂಥ ವಾಸನೆಯಿಂದ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ. ನನಗೆ ನಮ್ಮ ಹಿತ್ತಲು ನೆನಪಾಯಿತು, ಅಲ್ಲಿ ಸೆರಗು ಬಿಗಿದುಕೊಂಡು ತಂತಿ ಮಡಚುವ ಪಕ್ಕಡ್ ಹಿಡಿದು ಕೂತಿದ್ದ ನನ್ನ ಹೆಂಡತಿ ಶಾರದಾ ಕಣ್ಮುಂದೆ ಬಂದಳು. ಅಷ್ಟರಲ್ಲಿ ಬಸ್ಸೂ ಬಂದು ಹೋಯಿತಂತೆ. ನನಗೆ ಕಾಣಲಿಲ್ಲ.

ನಮ್ಮದು ಇಳಕಲ್ಲು. ನಾನು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸಗಾರ. ಶಾರದಾ ಮನೆಯಲ್ಲೇ ಮಗ್ಗದ ಮೇಲೆ ಸೀರೆ ನೇಯುತ್ತಾಳೆ. ನಾನು ಹೇಳುತ್ತಿರುವುದು ವರ್ಷಗಳ ಹಿಂದಿನ ಮಾತು. ಮಗಳು ಸಾವಿತ್ರಿ ಆಗ ಎರಡನೆಯ ತರಗತಿ. ನಮ್ಮ ಬಾಯಲ್ಲಿ ಸಾವಿ. ಮಗ ಮುತ್ತು ಇನ್ನೂ ಅಂಗನವಾಡಿಗೂ ಸೇರದ ಪೋರ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತಿದ್ದ ಕಾಲ ಅದು. ನೂಲಿನ ತುಂಡು, ಬಳಪ, ಕೋಳಿಗೆ ಹಾಕಿದ ನುಚ್ಚು, ಒಮ್ಮೆ ನನ್ನ ಚಪ್ಪಲಿಯ ಪಟ್ಟಿ.

ಕೋಳಿಗಳು ಬಂದದ್ದು ಪಕ್ಕದ ಮನೆಯ ಮಾಬೂಬಿ ಚಿಕ್ಕಮ್ಮನಿಂದ. ಸಾವಿ ದಿನವೂ ಅವರ ಅಂಗಳದಲ್ಲೇ ಬೀಡುಬಿಟ್ಟಿರುತ್ತಿದ್ದಳು. ಅದನ್ನು ನೋಡಿ ಅವರೇ ಒಂದು ಕಂದು ಹೇಂಟೆಯನ್ನೂ ಅದರ ಮರಿಗಳನ್ನೂ ಬುಟ್ಟಿಯ ಸಮೇತ ತಂದುಕೊಟ್ಟರು. "ಹುಡುಗಿ ನಮ್ಮ ಮನ್ಯಾಗ ಇರೂದಕ್ಕಿಂತ ಕೋಳಿ ನಿಮ್ಮ ಮನ್ಯಾಗ ಇರೂದು ಚಲೋ" ಎಂದು ನಕ್ಕರು. ಸಾವಿ ಪ್ರತಿ ಮರಿಗೂ ತನ್ನ ತರಗತಿಯ ಗೆಳತಿಯರ ಹೆಸರಿಟ್ಟಳು. ಯಾವ ಮರಿ ಯಾರು ಎಂಬುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಹಿತ್ತಲ ಆಚೆ ಬೇಲಿ, ಬೇಲಿಯಾಚೆ ಕಲ್ಲುರಾಶಿ. ಆ ಕಲ್ಲುರಾಶಿಯಲ್ಲಿ ಮುಂಗಸಿ ಇರುವುದು ನಮಗೆ ಗೊತ್ತಿತ್ತು. ನಮ್ಮ ಬಳಿ ಕೋಳಿ ಬಂದದ್ದು ಅದಕ್ಕೆ ಇಷ್ಟು ಬೇಗ ಗೊತ್ತಾಗುತ್ತದೆಂದು ಮಾತ್ರ ಗೊತ್ತಿರಲಿಲ್ಲ. ಹಾಡಹಗಲೇ ಬಂತು. ನಾನು ಊಟಕ್ಕೆ ಮನೆಗೆ ಬರುವ ಹೊತ್ತಿಗೆ ಹಿತ್ತಲ ತುಂಬ ಪುಕ್ಕ. ಮೂರು ಮರಿಗಳಿಲ್ಲ. ಸಾವಿ ಬೇಲಿಯ ಹತ್ತಿರ ನಿಂತು ಒಬ್ಬೊಬ್ಬ ಗೆಳತಿಯ ಹೆಸರು ಹಿಡಿದು ಕೂಗುತ್ತಿದ್ದಳು.

ಕಾರ್ಖಾನೆಯಲ್ಲಿ ಹೇಳಿಕೊಂಡೆ. ಎಲ್ಲರ ಬಳಿಯೂ ಔಷಧಿ ಇತ್ತು. ಒಬ್ಬ ತತ್ತಿಯಲ್ಲಿ ವಿಷ ತುಂಬಿ ಇಡು ಎಂದ. ಇನ್ನೊಬ್ಬ ಹಲ್ಲಿನ ಬೋನು ಕೊಡುತ್ತೇನೆಂದ. ಮತ್ತೊಬ್ಬ ಬೇಲಿಗೆ ಕರೆಂಟು ಬಿಡು ಎಂದ. ಸಂಜೆ ಮೂರನ್ನೂ ಶಾರದಾಳ ಮುಂದಿಟ್ಟೆ. ಅವಳು ಮಗ್ಗದಿಂದ ಕೈ ತೆಗೆಯಲಿಲ್ಲ.

"ಮುಂಗಸಿ ಬರೂಕಿಂತ ಮೊದಲ ಅಲ್ಲಿಗೆ ಯಾರು ಹೋಗ್ತಾರ?"

"ಯಾರು?"

"ನಿಮ್ಮ ಮಗ. ಆ ಹಿತ್ತಲದಾಗ ಮುತ್ತೂನ ಕೈಗೆ ಸಿಗಬಾರದ್ದು ಒಂದೂ ಇರಬಾರದು. ವಿಷಾನೂ ಬ್ಯಾಡ, ಬೋನೂ ಬ್ಯಾಡ. ಮುಂಗಸೀನ ಕೊಲ್ಲೂದು ಬ್ಯಾಡ್ರಿ. ಅದು ಒಳಗ ಬರದಂಗ ಮಾಡೂಣು."

ಮರುದಿನದಿಂದ ಕೋಳಿಗೂಡಿನ ಕೆಲಸ ಶುರು. ಅವಳು ಮೇಸ್ತ್ರಿ, ನಾನು ಆಳು. ಕಾರ್ಖಾನೆಯಲ್ಲಿ ಕೊಯ್ದು ಉಳಿದ ಕೆಂಪು ಕಲ್ಲಿನ ಚೂರುಗಳನ್ನು ಮಾಲಕರನ್ನು ಕೇಳಿ ತಂದೆ. ನೆಲಕ್ಕೆ ಕಲ್ಲು ಹಾಸಿದೆವು, ಮುಂಗಸಿ ತೋಡಿ ಬರಬಾರದೆಂದು. ಮೂರು ಕಡೆ ಕಲ್ಲಿನ ಗೋಡೆ, ಮೇಲೆ ಚಪ್ಪಡಿ, ಮುಂದೆ ಜಾಲರಿ. ಜಾಲರಿಯ ಕಣ್ಣು ಮುತ್ತುವಿನ ಕಿರುಬೆರಳೂ ತೂರದಷ್ಟು ಸಣ್ಣದಿರಬೇಕೆಂದು ಅವನನ್ನೇ ಅಂಗಡಿಗೆ ಎತ್ತಿಕೊಂಡು ಹೋಗಿ ಅಳತೆ ನೋಡಿದಳು. ಅಂಗಡಿಯವನು ಬೆರಗಾಗಿ ನೋಡುತ್ತಿದ್ದ. ತಂತಿಯ ಕತ್ತರಿಸಿದ ತುದಿಗಳನ್ನೆಲ್ಲ ಪಕ್ಕಡಿನಿಂದ ಒಳಕ್ಕೆ ಮಡಚಿ ಮೇಲೆ ಹಳೆಯ ಸೀರೆಯ ಅಂಚು ಹೊಲಿದಳು. ಕಲ್ಲಿನ ಅಂಚು ಮಕ್ಕಳ ಹಣೆಗೆ ತಾಗಬಾರದೆಂದು ನನ್ನಿಂದ ಮೂಲೆಮೂಲೆಯನ್ನೂ ದುಂಡಗೆ ಉಜ್ಜಿಸಿದಳು. ದೊಡ್ಡ ದೊಡ್ಡವರ ಅಡುಗೆಮನೆಗೆ ಕಲ್ಲು ಉಜ್ಜಿದವನು ನಾನು. ಯಾರೂ ಇಷ್ಟು ಸಲ "ಇನ್ನೂ ಸ್ವಲ್ಪ" ಎಂದಿರಲಿಲ್ಲ.

ಬಾಗಿಲಂತೂ ಅವಳದೇ ಕಲ್ಪನೆ. ಮೇಲಿನಿಂದ ಜಾರಿ ಬೀಳುವ ಹಲಗೆ, ಅದನ್ನು ಎತ್ತಿ ಹಿಡಿದ ಹಗ್ಗದ ತುದಿ ದೂರದ ಬೇವಿನ ಗಿಡದಲ್ಲಿ. ಗಂಟು ಬಿಚ್ಚಿದರೆ ಸಾಕು, ಗೂಡು ಮುಚ್ಚುತ್ತದೆ. ಮಕ್ಕಳು ಗೂಡಿನ ಬಾಯಿಗೆ ಬಗ್ಗಬೇಕಾಗಿಲ್ಲ. ತತ್ತಿ ತರುವ ಕೆಲಸ ಸಾವಿಯದು. ಅದಕ್ಕೆ ಶಾರದಾ ಒಂದೇ ಪಾಠ ಹೇಳಿಕೊಟ್ಟಿದ್ದಳು: "ಮೊದಲ ಕಟಗೀಲೆ ಬಡಿ. ಆಮ್ಯಾಲ ಕಣ್ಣೀಲೆ ನೋಡು. ಕಡೀಕ ಕೈ ಹಾಕು."

ಓಣಿಯವರು ನೋಡಲು ಬಂದರು. ನಮ್ಮ ಮನೆಯ ನೆಲ ಬರೀ ಸಿಮೆಂಟು, ಅದೂ ಅಲ್ಲಲ್ಲಿ ಕಿತ್ತದ್ದು. ಕೋಳಿಗಳದು ಹೊಳೆಯುವ ಕೆಂಪು ಗ್ರಾನೈಟ್. ಮಾಬೂಬಿ ಚಿಕ್ಕಮ್ಮ ಸುತ್ತ ಒಂದು ಸಲ ತಿರುಗಿ, "ಒಂದ್ ಖೋಲಿ ನನಗೂ ಬಾಡಿಗಿ ಕೊಡ್ರಿ" ಎಂದರು. ಮುಂಗಸಿ ಬಂದು ಬಂದು ಸುತ್ತ ಮೂಸಿ ಹೋಯಿತು. ಹಾಗೆ ಹೋಗುವುದನ್ನು ನೋಡಲೆಂದೇ ನಾನು ರಜೆಯ ದಿನ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ.

ನಮ್ಮ ಲೆಕ್ಕ ಮುಂಗಸಿಯದಾಗಿತ್ತು. ಬಂದದ್ದು ಬೇರೆ.

ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೋಗಿದ್ದೆ, ಶಾರದಾ ಒಳಗೆ ಮಗ್ಗದಲ್ಲಿ. ಸಾವಿ ಹಿತ್ತಲಲ್ಲಿ ಕಾವಲಿದ್ದುದರಿಂದ ಗೂಡಿನ ಬಾಗಿಲು ಎತ್ತಿತ್ತು, ಉಳಿದ ಕೋಳಿಗಳು ಹೊರಗೆ ಕೆದರುತ್ತಿದ್ದವು. ಕಂದು ಹೇಂಟೆ ಕಾವಿಗೆ ಕೂತಿತ್ತು. ಅದು ಒಮ್ಮೆಲೇ ಕಿರುಚುತ್ತ ಗೂಡಿನಿಂದ ಹೊರಬಿತ್ತು. ಹಿತ್ತಲಲ್ಲಿದ್ದ ಮುತ್ತು, ಕೋಳಿ ಎದ್ದಿತು, ಇನ್ನು ತತ್ತಿ ತನ್ನದೇ ಎಂದು ಗೂಡಿನತ್ತ ಓಡಿದ. ಸಾವಿ ಹಿಂದಿನಿಂದ ಬಂದು ಅವನ ಅಂಗಿ ಹಿಡಿದಳು. ಅವನು ಅತ್ತ. ಅವಳು ಬಿಡಲಿಲ್ಲ. ನಿಂತಲ್ಲಿಂದಲೇ ಉದ್ದನೆಯ ಕಟ್ಟಿಗೆಯಿಂದ ಕಲ್ಲು ಬಡಿದಳು, ನೋಡಿದಳು. ತತ್ತಿಗಳ ನಡುವೆ ನಾಗರಹಾವು ಹೆಡೆ ಎತ್ತಿತು.

ದೊಡ್ಡವನಾದ ನಾನಾಗಿದ್ದರೆ ಮುತ್ತುವನ್ನೂ ಬಿಟ್ಟು ಓಡುತ್ತಿದ್ದೆನೇನೋ. ಸಾವಿ ತಮ್ಮನನ್ನು ಎಳೆದುಕೊಂಡು ಹಿಂದೆ ಹಿಂದೆ ಹೆಜ್ಜೆ ಇಟ್ಟು ಬೇವಿನ ಗಿಡದವರೆಗೆ ಬಂದಳು. ಒಂದು ಕೈಯಲ್ಲಿ ಅವನ ಅಂಗಿ. ಇನ್ನೊಂದು ಕೈಯಿಂದ ಗಂಟು ಎಳೆದಳು. ಹಲಗೆ ಬಿತ್ತು. ಆಮೇಲೆ ಕೂಗಿದಳು: "ಅವ್ವಾ, ಬಾ ಇಲ್ಲೆ! ಗೂಡಿನ ಕಡೆ ಹೋಗಬ್ಯಾಡ, ಒಳಗ ಹಾವೈತಿ!"

ಫೋನು ಬಂದಾಗ ನಾನು ಕಲ್ಲಿನ ಕೆಸರು ಮೆತ್ತಿದ ಬಟ್ಟೆಯಲ್ಲೇ ಓಡಿಬಂದೆ. ಹಿತ್ತಲ ತುಂಬ ಜನ. ಹಾವು ಹಿಡಿಯುವವರು ಬಂದು ಬಾಗಿಲು ಸ್ವಲ್ಪವೇ ಎತ್ತಿ, ಅದನ್ನು ಚೀಲಕ್ಕೆ ಇಳಿಸಿಕೊಂಡು ದೂರದ ಗುಡ್ಡಕ್ಕೆ ಬಿಡಲು ಒಯ್ದರು. ಹೋಗುವ ಮುನ್ನ ಗೂಡನ್ನು ತಟ್ಟಿ ಕೇಳಿದರು: "ಬಾಗಲಾ ಹಾಕಿದವರು ಯಾರ್ರಿ?" ಜನ ಸಾವಿಯನ್ನು ಮುಂದೆ ತಳ್ಳಿದರು. ಅವರು ಅವಳಿಗೆ ಎರಡೂ ಕೈ ಎತ್ತಿ ಮುಗಿದರು. ಅವಳು ನಾಚಿ ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅದುವರೆಗೆ ಗಟ್ಟಿಯಾಗಿ ನಿಂತಿದ್ದ ಶಾರದಾ ಆಗ ಮಗಳನ್ನು ತಬ್ಬಿ ಅಲ್ಲೇ ಕುಸಿದು ಕೂತು ಅತ್ತಳು.

ಹೇಂಟೆ ಮತ್ತೆ ಕಾವಿಗೆ ಕೂರಲಿಲ್ಲ. ಉಳಿದ ತತ್ತಿಗಳನ್ನು ಮಾಬೂಬಿ ಚಿಕ್ಕಮ್ಮ ತಮ್ಮ ಕೋಳಿಯ ಕೆಳಗೆ ಇಟ್ಟರು. ನಾಲ್ಕು ಮರಿಗಳಾದವು. ಈ ಸಲ ಹೆಸರಿಡುವ ಹಕ್ಕು ಮುತ್ತುವಿಗೆ. ನಾಲ್ಕಕ್ಕೂ "ಅಕ್ಕ" ಎಂದೇ ಇಟ್ಟ.

ಈಗ ಸಾವಿ ಕಾಲೇಜಿಗೆ ಹೋಗುತ್ತಾಳೆ. ಕಳೆದ ವಾರ ತುಳಸಿಗೇರಿಯಿಂದ ನನ್ನ ತಂಗಿ ಫೋನು ಮಾಡಿದಳು. ಅವಳ ಮಗ ಈಗಷ್ಟೇ ನಡೆಯಲು ಕಲಿತಿದ್ದಾನೆ, ಮನೆಗೆ ಕೋಳಿ ತಂದಿದ್ದಾರೆ. ಗೂಡು ಕಟ್ಟಲು ಅತ್ತಿಗೆಯೇ ಬೇಕಂತೆ. "ಅಣ್ಣಾ, ವೈನೀನ್ನ ಸಾವೀನ್ನ ಕಳಸು. ನೀ ಬಂದ್ರೂ ನಡೀತೈತಿ" ಎಂದಳು.

ಮೂವರೂ ಹೋದೆವು. ಶಾರದಾ ಬೇಲಿ, ಗಿಡ, ಬಿಸಿಲು ಬರುವ ದಿಕ್ಕು ನೋಡುತ್ತ ತಿರುಗಿದಳು. ಸಾವಿ ಕಟ್ಟಿಗೆಯಿಂದ ನೆಲದ ಮೇಲೆ ಗೆರೆ ಎಳೆದಳು. ಬಾಗಿಲು ಪೂರ್ವಕ್ಕಿರಲಿ ಎಂದು ಅವ್ವನ ಜೊತೆ ವಾದಿಸಿ ಗೆದ್ದಳು. ನಾನು ಟಂಟಂ ಗಾಡಿಯಿಂದ ಕಲ್ಲು ಇಳಿಸುತ್ತಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಮುದುಕರೊಬ್ಬರು ನಿಂತು ಕೇಳಿದರು: "ಏನ್ ಕಟ್ಟಾಕ ಹತ್ತೀರಿ? ಮೇಸ್ತ್ರಿ ನೀವೇನ್ರಿ?"

"ಅಲ್ರಿ" ಎಂದೆ. "ಬೇಲಿ ಕಡೆ ಅದಾಳಲ್ರಿ, ಅಕಿ ನನ್ನ ಹೇಂತಿ. ಗೆರಿ ಕೊರಿಯಾಕ ಹತ್ತಾಳಲ್ರಿ, ಅಕಿ ನನ್ನ ಮಗಳು. ಮೇಸ್ತ್ರಿ ಅವರಿಬ್ರೂರಿ."

"ಮತ್ತ ನೀವು?"

"ನಾ ಅವರ ಕಡೆ ಕೆಲಸಕ್ಕ ಅದೀನ್ರಿ" ಎಂದು, ಇನ್ನೊಂದು ಕಲ್ಲು ಹೆಗಲಿಗೇರಿಸಿಕೊಂಡು, ಅವರಿಬ್ಬರೂ ತೋರಿಸಿದ ಕಡೆಗೆ ನಡೆದೆ.