ಸಬ್ರಿಯಾ ಕೇಳದೆ ಬಿಟ್ಟವಳು

ಮಹಲ್ಲಾ ಊರಿನ ಒಂದು ಟವೆಲು ಕಾರ್ಖಾನೆಯಲ್ಲಿ ನಾನೂ ಸಬ್ರಿಯಾಳೂ ಹತ್ತೊಂಬತ್ತು ವರ್ಷ ಒಂದೇ ಮೇಜಿನ ಆಚೆ ಈಚೆ ನಿಂತು ಟವೆಲು ಮಡಚಿದೆವು. ಬಡವರ ಮನೆಯ ಹೆಣ್ಣುಮಕ್ಕಳ ಮದುವೆಗೆ ಸಾಮಾನು ಹೊಂದಿಸುವುದು ಅವಳು ತಾನಾಗಿ ಮೈಮೇಲೆ ಹಾಕಿಕೊಂಡ ಕೆಲಸ.

ನಮ್ಮಲ್ಲಿ ಮನೆ, ಮಂಚ ಗಂಡಿನ ಕಡೆಯದು. ಅಡುಗೆಮನೆ ಪೂರ್ತಿ ಹೆಣ್ಣಿನ ಕಡೆಯದು. ಮದುವೆಗೆ ಮುಂಚೆ ಆ ಸಾಮಾನೆಲ್ಲ ತೆರೆದ ಲಾರಿಯಲ್ಲಿ ಬೀದಿ ಬೀದಿ ಸುತ್ತಿಕೊಂಡು ಹೋಗುತ್ತದೆ. ನಾವು ಕೊಟ್ಟ ಪಾತ್ರೆ ನಮ್ಮ ಕಣ್ಣಿಗೇ ಬಿದ್ದರೆ ಯಾರಿಗೆ ಹೋಯಿತೆಂದು ತಿಳಿದುಬಿಡುತ್ತದೆ. ಅದಕ್ಕೆ ಸಬ್ರಿಯಾ ಇಲ್ಲಿ ಕೂಡಿಸಿದ್ದನ್ನು ಪಕ್ಕದ ಊರು ಸಮನ್ನೂದಿಗೆ ಒಯ್ಯುತ್ತಿದ್ದಳು. ಅಲ್ಲಿ ಇವಳ ಹಾಗೆಯೇ ಕೂಡಿಸುವ ದರ್ಜಿ ಹೆಂಗಸೊಬ್ಬಳಿದ್ದಳು. ನಮ್ಮದು ಅಲ್ಲಿನ ಮದುವೆಗೆ, ಅವಳದು ಇಲ್ಲಿನ ಮದುವೆಗೆ. ಬಸ್ಸಿನಲ್ಲಿ ಗಂಟಿನ ಇನ್ನೊಂದು ಕಡೆ ಹಿಡಿಯುತ್ತಿದ್ದವಳು ನಾನು.

ಆ ವರ್ಷ ಮದುವೆಯಿದ್ದದ್ದು ನಮ್ಮ ವಿಭಾಗದಲ್ಲೇ ಅಂಚು ಹೊಲಿಯುವ ಹುಡುಗಿಗೆ. ಇಲ್ಲಿ ರಿದಾ ಎಂದು ಕರೆಯುತ್ತೇನೆ, ಅವಳ ಹೆಸರು ಅದಲ್ಲ. ತಂದೆಯಿಲ್ಲ. ತಾಯಿ ಸಬ್ರಿಯಾಳ ಮನೆಗೆ ಬಂದು, ಮಗಳಿಗೆ ಗೊತ್ತಾಗಬಾರದು, ಕೂಡಿಸಿದ ಸಾಮಾನೆಂದು ತಿಳಿದರೆ ಮದುವೆಯೇ ಬೇಡ ಎಂದುಬಿಡುತ್ತಾಳೆ ಎಂದಳು. ಮಗಳಿಗೆ ಚೀಟಿ ಎತ್ತಿದೆನೆಂದು ಹೇಳಿಕೊಳ್ಳುತ್ತೇನೆ ಎಂದೂ ಅಂದಳು.

ಗ್ಯಾಸ್ ಒಲೆಗೆ ನಾವು ಹಾಜಿ ಬಸ್ಯೂನಿಯ ಅಂಗಡಿಗೆ ಹೋದೆವು. ಬೋಣಿಯಾಗದೆ ಅಂಗಡಿಯವರ ಮುಂದೆ ಸಬ್ರಿಯಾ ಬಾಯಿ ತೆರೆಯುವವಳಲ್ಲ. ಇನ್ನೂ ಯಾರೂ ಬಂದಿರಲಿಲ್ಲ, ತಾನೇ ಒಂದು ಬಲ್ಬು ಕೊಂಡಳು.

"ನೀನು ಬಲ್ಬ್ ತಗೊಂಡ್ರೆ ನನಗೆ ಹೆದರಿಕೆ ಆಗುತ್ತೆ. ಹಿಂದೆ ಏನು ಬರುತ್ತೆ ಹೇಳು" ಎಂದ ಹಾಜಿ.

ಒಲೆ ಎಂದಳು. ಅವನು ಒಪ್ಪಿದ, ಆದರೆ ಮದುವೆ ಹೆಣ್ಣು ಒಲೆಯ ಪಕ್ಕ ನಿಂತ ಫೋಟೋ ಬೇಕು, ಅಂಗಡಿಯಲ್ಲಿ ಹಾಕುತ್ತೇನೆ ಎಂದ. ಸಬ್ರಿಯಾ ಆಗುವುದಿಲ್ಲ ಎಂದಳು. ಹಾಗಾದರೆ ಒಲೆಯೂ ಇಲ್ಲ ಎಂದ. ಇವಳು ತಲೆವಸ್ತ್ರ ಸರಿಮಾಡಿಕೊಂಡು ತಾನೇ ಒಲೆಯ ಪಕ್ಕ ನಿಂತುಬಿಟ್ಟಳು.

"ತೆಗೀರಿ ಹಾಜಿ. ಅರವತ್ತಕ್ಕೆ ನನ್ನನ್ನ ಯಾರು ಕೇಳ್ಕೊಂಡು ಬರ್ತಾರೋ ನೋಡೋಣ."

ಹಾಜಿ ನಕ್ಕು ನಕ್ಕು ಕೆಮ್ಮಿದ. ಫೋಟೋ ತೆಗೆದ, ಒಲೆ ಕೊಟ್ಟ. ಅಂಥ ಒಲೆ ಊರಲ್ಲಿ ಮನೆಗೊಂದು ಇದ್ದದ್ದರಿಂದ ಗುರುತು ಸಿಗುವ ಭಯವಿರಲಿಲ್ಲ, ಅದನ್ನು ಇಲ್ಲೇ ರಿದಾಳಿಗೆ ಇಟ್ಟೆವು.

ಮರುದಿನದಿಂದ ಚಹಾ ಬಿಡುವಿನಲ್ಲಿ ಸಬ್ರಿಯಾ ಯಾರ ಮದುವೆಗೆಂದು ಹೇಳದೆ ಮಷೀನಿನಿಂದ ಮಷೀನಿಗೆ ಹೋದಳು. ಒಬ್ಬಳು ಚಮಚೆ ಒಪ್ಪಿಕೊಂಡಳು, ಒಬ್ಬಳು ಬೋಗುಣಿ, ಮೂವರು ಸೇರಿ ದೊಡ್ಡ ಪಾತ್ರೆ. ರಿದಾಳ ಮಷೀನು ಬಂದಾಗ ಮಾತ್ರ ಸುಮ್ಮನೆ ದಾಟಿದಳು. ಅವಳ ಸಾಮಾನಿಗೆ ಅವಳನ್ನೇ ಕೇಳಲು ಮನಸ್ಸು ಬರಲಿಲ್ಲ. ನನಗೂ ಅದು ತಪ್ಪೆನ್ನಿಸಲಿಲ್ಲ.

ಮೂರನೆಯ ದಿನ ನಮ್ಮ ವಿಭಾಗದವಳೇ ಆದ ತಹಾನಿ ಚಹಾ ಕುಡಿಯುತ್ತ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಅವಳ ನಾಲಗೆ ನಮ್ಮ ಕತ್ತರಿಗಿಂತ ಹರಿತ.

"ಎಲ್ಲರ ಹತ್ರಾನೂ ಕಿತ್ಕೊಂಡೆ. ರಿದಾನ ಯಾಕೆ ಬಿಟ್ಟೆ? ಅವಳೇನು ನಿನ್ನ ಸೊಸೇನಾ?"

ಇಪ್ಪತ್ತಾರು ಹೆಂಗಸರ ತಲೆ ರಿದಾಳ ಕಡೆ ತಿರುಗಿತು. ಗುಟ್ಟು ಬಯಲಾಯಿತೆಂದೇ ಅಂದುಕೊಂಡೆ. ಆದರೆ ರಿದಾಳಿಗೆ ಬಂದದ್ದು ಅನುಮಾನವಲ್ಲ, ಸಿಟ್ಟು.

"ನನ್ನ ಕೈಲಿ ಕೊಡೋಕೆ ಆಗಲ್ಲ ಅಂದ್ಕೊಂಡ್ರಾ ಖಾಲಾ?"

"ಇಲ್ಲ ಮಗಳೇ" ಎಂದಳು ಸಬ್ರಿಯಾ. "ಮದುವೆ ಗೊತ್ತಾಗಿರೋಳು ನೀನು. ನಿನ್ನ ಕೈಯಿಂದ ಬಂದಿದ್ದು ಆ ಹುಡುಗಿಗೆ ಒಳ್ಳೇದು ಅಂತ ಕೊನೇಗೆ ಇಟ್ಕೊಂಡಿದ್ದೆ."

ಅವಳು ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ತಲೆಗಳು ಮತ್ತೆ ಚಹಾದ ಕಡೆಗೆ ಹೋದವು.

ಮರುದಿನ ಬೆಳಿಗ್ಗೆ ರಿದಾ ಆರು ಚಹಾ ಲೋಟ ತಂದಳು. ಸುತ್ತ ನೀಲಿ ಗೆರೆಯಿದ್ದವು. ಮೊದಲ ಸಂಬಳದಲ್ಲಿ ತನ್ನ ಮದುವೆಗೆಂದು ಕೊಂಡು ಎತ್ತಿಟ್ಟಿದ್ದಳಂತೆ. ಸಮನ್ನೂದಿನ ಬಸ್ಸಿನಲ್ಲಿ ಸಬ್ರಿಯಾ ಆ ಪೊಟ್ಟಣವನ್ನು ಗಂಟಿಗೆ ಹಾಕದೆ ಮಡಿಲಲ್ಲಿ ಇಟ್ಟುಕೊಂಡಳು. ರಿದಾಳ ತಾಯಿಗೆ ಗುಟ್ಟಾಗಿ ವಾಪಸು ಕೊಡೋಣವೇ ಎಂದು ನಾನು ಕೇಳಿದೆ.

"ಬೇಡ. ನಮ್ಮೆಲ್ಲರ ಹಾಗೆ ಅವಳೂ ಕೊಟ್ಟಿದ್ದಾಳೆ. ವಾಪಸ್ ಕೊಟ್ರೆ ಅವಳನ್ನ ಬಡವಳು ಮಾಡಿದ ಹಾಗಾಗುತ್ತೆ."

ಲೋಟಗಳು ಸಮನ್ನೂದಿನ ಹುಡುಗಿಗೆ ಹೋದವು. ಅಲ್ಲಿಂದ ಎರಡು ಗಂಟು ಬಂದವು, ರಿದಾಳ ತಾಯಿಯ ಮನೆ ಸೇರಿದವು.

ರಂಜಾನಿನ ಸಣ್ಣ ಈದ್ ಮುಗಿದ ಮೇಲಿನ ಗುರುವಾರ ರಿದಾಳ ಲಾರಿ ಕಾರ್ಖಾನೆಯ ಬೀದಿಯಲ್ಲೇ ಬಂತು. ನಾವೆಲ್ಲ ಗೇಟಿನಲ್ಲಿ ನಿಂತು ನಾಲಗೆ ಹೊರಳಿಸಿ ಮದುವೆಯ ಸಂತೋಷದ ಉಲುಲು ಕೂಗು ಹಾಕಿದೆವು. ತಹಾನಿ ಕತ್ತು ಚಾಚಿ ಒಂದೊಂದೇ ಪಾತ್ರೆ ನೋಡಿದಳು. ತಾನು ಕೊಟ್ಟ ಜರಡಿ ಎಲ್ಲೂ ಕಾಣಲಿಲ್ಲ.

"ಪರವಾಗಿಲ್ಲ, ತಾಯಿ ಚೀಟಿ ದೊಡ್ಡದೇ ಇತ್ತು" ಎಂದಳು. ಸಬ್ರಿಯಾ ಅವಳಿಗಿಂತ ಜೋರಾಗಿ ಉಲುಲು ಹಾಕಿದಳು.

ಹದಿನೈದು ದಿನ ಬಿಟ್ಟು ರಿದಾ ಕೆಲಸಕ್ಕೆ ಬಂದಳು. ಕೈಯಲ್ಲಿ ಗೋರಂಟಿ ಇನ್ನೂ ಇತ್ತು. ನೇರವಾಗಿ ನಮ್ಮ ಮೇಜಿಗೆ ಬಂದು, ಆ ಹುಡುಗಿಯ ಮದುವೆ ಚೆನ್ನಾಗಿ ಆಯಿತೇ ಎಂದು ಕೇಳಿದಳು. ಚೆನ್ನಾಗಿ ಆಯಿತು, ಹುಡುಗಿ ಸುಖವಾಗಿದ್ದಾಳೆ ಎಂದಳು ಸಬ್ರಿಯಾ.

"ಮುಂದಿನ ಸಲ ನನ್ನನ್ನ ಕೊನೇಗೆ ಇಟ್ಕೋಬೇಡಿ ಖಾಲಾ. ಮೊದಲು ಕೇಳಿ."

ಆಮೇಲೆ ಎಂಟು ಮದುವೆಗೆ ಸಬ್ರಿಯಾ ಸಾಮಾನು ಕೂಡಿಸಿದಳು. ಎಂಟು ಸಲವೂ ಮೊದಲು ಹೋದದ್ದು ರಿದಾಳ ಮಷೀನಿನ ಹತ್ತಿರ.