ಒಂದೇ ಸಂಜೆ, ಎರಡು ಮನೆ

ಕೈಬರಹ ಚಂದ ಇರುವವರಿಗೆ ಒಂದು ಎಚ್ಚರಿಕೆ. ಚರ್ಚಿನ ಪಟ್ಟಿ ಬರೆಯಲು ಒಪ್ಪಿಕೊಳ್ಳಬೇಡಿ. ನಾನು ಒಪ್ಪಿ ಕೆಟ್ಟೆ.

ಈಸ್ಟರಿಗೆ ಮುಂಚಿನ ನಲವತ್ತು ದಿನ, ಅಂದರೆ ಲೆಂಟ್ ಬಂತೆಂದರೆ ನಮ್ಮ ಮಕ್ತಲ್‌ನಲ್ಲಿ ದಿನಕ್ಕೊಂದು ಮನೆಯಲ್ಲಿ ಸಂಜೆ ಪ್ರಾರ್ಥನೆ. ಯಾರ ಮನೆ ಯಾವತ್ತು ಎಂಬ ಪಟ್ಟಿ ಚರ್ಚಿನ ಬಾಗಿಲಿಗೆ. ಪ್ರಾರ್ಥನೆ ಮಾಡಿ ಅಂಟಿಸಿದರೆ ಮುಗಿಯಿತು, ತಿದ್ದುವಂತಿಲ್ಲ. ಗದ್ವಾಲ್‌ನಲ್ಲಿ ಮೇಷ್ಟ್ರಾಗಿರುವ ನಾನು ರಜೆಗೆ ಊರಿಗೆ ಹೋಗಿದ್ದೆ. "ಸರ್, ನಿಮ್ಮ ಅಕ್ಷರ ಮುತ್ತಿನಂಗ ಅದಾವ್ರಿ" ಅಂದರು ಪಾಸ್ಟರು. ಉಬ್ಬಿಹೋದೆ. ಉಬ್ಬಿದವನಿಗೆ ಕಣ್ಣು ಕಾಣುವುದುಂಟೇ? ಒಂದೇ ಶುಕ್ರವಾರಕ್ಕೆ ಎರಡು ಹೆಸರು ಬರೆದುಬಿಟ್ಟಿದ್ದೆ, ಕಂಡದ್ದು ಅಂಟಿಸಿದ ಮೇಲೆ. ಒಂದು ನಮ್ಮವ್ವನದು. ಇನ್ನೊಂದು ಎದುರು ಮನೆಯ ರತ್ನಮ್ಮತ್ತೆಯದು.

ಇವರಿಬ್ಬರ ನಡುವೆ ಆರು ವರ್ಷದಿಂದ ಮಾತಿಲ್ಲ. ಅಪ್ಪ ಸತ್ತ ದಿನವೇ ರತ್ನಮ್ಮತ್ತೆಯ ಮಗಳ ಮದುವೆ. ಮಣ್ಣಿಗೆ ಒಯ್ಯುವ ತನಕ ಬ್ಯಾಂಡ್ ನಿಲ್ಲಿಸಿ ಎಂದು ಅವ್ವ ಹೇಳಿಕಳಿಸಿದಳು. ನಿಲ್ಲಿಸಲಿಲ್ಲ. ಅಂದಿನಿಂದ ಪ್ರತಿ ಲೆಂಟಿನಲ್ಲೂ ರತ್ನಮ್ಮತ್ತೆಯ ಸರದಿಯ ದಿನ ಅವ್ವನಿಗೆ ತಪ್ಪದೆ ತಲೆನೋವು. (ನಮ್ಮ ಸರದಿಯ ದಿನ ಅವರಿಗೆ ಮೊಣಕಾಲು ನೋವು!)

ನಲವತ್ತು ದಿನ ಅವ್ವ ಮಾಂಸ ಮುಟ್ಟುವುದಿಲ್ಲ, ಚಹಾ ಕುಡಿಯುವುದಿಲ್ಲ. ಸಿಟ್ಟು ಮಾತ್ರ ಬಿಟ್ಟಿರಲಿಲ್ಲ. ನಾನೇನು ಕಡಿಮೆಯೇ? ಫೇಸ್‌ಬುಕ್ ಬಿಟ್ಟಿದ್ದೆ. (ಬಿಟ್ಟೆನೆಂದು ಫೇಸ್‌ಬುಕ್‌ನಲ್ಲೇ ಹಾಕಿದ್ದೆ.)

ಆ ಶುಕ್ರವಾರ ಸಂಜೆ ಬೈಬಲ್ ಹಿಡಿದು ಬಂದ ಜನ ಓಣಿಯ ನಡುವೆ ನಿಂತರು. ಎರಡೂ ಮನೆಯಲ್ಲಿ ಚಹಾ ಕುದಿಯುತ್ತಿದೆ. ಪಾಸ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಯಾವ ಮನೆಗೆ ಹೋದರೂ ಇನ್ನೊಂದು ಮನೆಗೆ ಅವಮಾನ. ಇರುವ ಪುಟ್ಟ ಸಭೆ ಅವತ್ತೇ ಎರಡು ಹೋಳಾಗುತ್ತಿತ್ತು.

ಅಷ್ಟರಲ್ಲಿ ಅವ್ವ ಹೊರಗೆ ಬಂದಳು. ಕೈಯಲ್ಲಿ ಚಹಾದ ಕೆಟಲಿ, ಕಂಕುಳಲ್ಲಿ ಚಾಪೆ. ಸೀದಾ ಓಣಿ ದಾಟಿ ರತ್ನಮ್ಮತ್ತೆಯ ಹೊಸ್ತಿಲ ಮುಂದೆ ನಿಂತಳು.

"ರತ್ನಮ್ಮಾ, ನಿಮ್ಮ ಪಡಸಾಲಿ ದೊಡ್ಡದೈತಿ. ಎಲ್ಲಾರೂ ಇಲ್ಲೇ ಕೂಡ್ರೋಣು."

ರತ್ನಮ್ಮತ್ತೆ ಹೊಸ್ತಿಲಿಗೆ ಬಂದರು. "ಅವತ್ತು ಬ್ಯಾಂಡ್ ನಿಲ್ಲಸಬೇಕಾಗಿತ್ರೀ ಅಕ್ಕಾ. ತಪ್ಪಾತು."

ಇರಲಿ ಬಿಡು ಅನ್ನುತ್ತಾಳೆ ಅಂದುಕೊಂಡೆ. ನಮ್ಮವ್ವ ಹಾಗೆ ಸುಳ್ಳು ಹೇಳುವವಳಲ್ಲ.

"ಹೌದು, ನಿಲ್ಲಸಬೇಕಾಗಿತ್ತು. ನಂಗ ಭಾಳ ನೋವಾಗಿತ್ತು. ಇವತ್ತಿಗೆ ಅದು ಮುಗೀತು. ಹಿಡಿ ಈ ಚಾಪಿ, ಮಂದಿ ನಿಂತಾರ."

ಕ್ಷಮೆಯ ಬಗ್ಗೆ ಎಷ್ಟು ಉಪದೇಶ ಕೇಳಿಲ್ಲ ನಾನು? ತಪ್ಪನ್ನು ತಪ್ಪೆಂದೇ ಹೇಳಿ, ಆಮೇಲೆ ಕೈಬಿಡುವುದನ್ನು ಕಣ್ಣಾರೆ ಕಂಡದ್ದು ಅವತ್ತೇ. ಹೆಮ್ಮೆ ತಡೆಯಲಾಗದೆ ಪಕ್ಕದವರಿಗೆ "ನಮ್ಮವ್ವ ರೀ" ಅಂದೆ. (ಊರಿಗೆಲ್ಲ ಗೊತ್ತಿದ್ದ ಸಂಗತಿ!) ಪ್ರಾರ್ಥನೆ ಮುಗಿದ ಮೇಲೆ ಅವ್ವ ಎಲ್ಲರಿಗೂ ಚಹಾ ಕೊಟ್ಟಳು, ತಾನು ಮುಟ್ಟಲಿಲ್ಲ. ವ್ರತ ವ್ರತವೇ.

"ಮುಂದಿನ ವರ್ಷಾನೂ ಪಟ್ಟಿ ನೀವೇ ಬರೀರಿ ಸರ್" ಅಂದರು ಪಾಸ್ಟರು.

ಮರುದಿನ ಆ ಓಣಿ ಅಳೆದು ನೋಡಿದೆ. ಹದಿನೈದೇ ಹೆಜ್ಜೆ. ದಾಟಲು ಅವ್ವನಿಗೆ ಆರು ವರ್ಷ ಹಿಡಿಯಿತು.

ನಿಮ್ಮ ಓಣಿ ಎಷ್ಟು ಅಗಲವಿದೆ?