ತಾಯವ್ವನನ್ನು ಎಬ್ಬಿಸಿದ್ದು

ಜಮಖಂಡಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಪ್ರತಿಮಾ ಹತ್ತೊಂಬತ್ತು ವರ್ಷದಿಂದ ನರ್ಸ್. ಎಂಥ ಒಣಗಿದ ಕೈಯಲ್ಲೂ ನರ ಹುಡುಕಿ ಸಲಾಯಿನ್ ಹಚ್ಚುವವಳು. ಹೊಸ ಡಾಕ್ಟರುಗಳೂ ಅವಳನ್ನು ಒಂದು ಮಾತು ಕೇಳಿಯೇ ಮುಂದುವರಿಯುತ್ತಿದ್ದರು. ಲೋಕಾಪುರದ ಅಕ್ಷತಾ ಕೆಲಸಕ್ಕೆ ಸೇರಿದ ಮೇಲೆ ಆ ಲೆಕ್ಕ ತಪ್ಪಿತು.

ಅಕ್ಷತಾಗೆ ಇನ್ನೂ ಇಪ್ಪತ್ನಾಲ್ಕು. ತಲೆ ತಿರುಗುವ ರೋಗಿಗಳನ್ನು ಅವಳು ಒಮ್ಮೆಲೇ ಎಬ್ಬಿಸುತ್ತಿರಲಿಲ್ಲ. ಮೊದಲು ಕೂಡಿಸಿ, ಕಾಲು ಇಳಿಬಿಡಿಸಿ, ಪಾದ ಆಡಿಸಲು ಹೇಳಿ, ಒಂದೆರಡು ನಿಮಿಷ ಮಾತಾಡಿಸುತ್ತ ಕೂರುತ್ತಿದ್ದಳು. ಕಣ್ಣಿಗೆ ಕತ್ತಲೆ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ನಿಲ್ಲಿಸುವುದು. ಅವಳು ಬಂದ ಆರು ತಿಂಗಳಲ್ಲಿ ವಾರ್ಡಿನಲ್ಲಿ ಒಬ್ಬರೂ ಬಿದ್ದಿರಲಿಲ್ಲ. ದೊಡ್ಡ ಡಾಕ್ಟರು ಎಲ್ಲರೆದುರು ಅವಳನ್ನು ಹೊಗಳಿದ ದಿನ ಪ್ರತಿಮಾಗೆ ಊಟ ಸೇರಲಿಲ್ಲ. ಕೂತು ಹರಟೆ ಹೊಡೆಯುವುದೂ ಒಂದು ವಿದ್ಯೆಯೇ ಎಂದುಕೊಂಡಳು.

ಹಿಪ್ಪರಗಿಯ ತಾಯವ್ವ ಎಪ್ಪತ್ತು ದಾಟಿದ ಮುದುಕಿ. ಎದ್ದು ನಿಂತರೆ ಬಿ.ಪಿ. ಇಳಿದು ತಲೆ ತಿರುಗುತ್ತಿತ್ತೆಂದು ದಾಖಲಾಗಿದ್ದಳು. ಒಂದು ಮಧ್ಯಾಹ್ನ ಅಕ್ಷತಾ ಊಟಕ್ಕೆ ಹೋದಾಗ ಮುದುಕಿಗೆ ಸಂಡಾಸಕ್ಕೆ ಹೋಗಬೇಕಾಯಿತು. ಪ್ರತಿಮಾ ಹತ್ತಿರ ಬಂದಳು.

"ಅಕ್ಷತಾ ಬರ್ಲಿ ತಡಿಯವ್ವಾ. ಆಕಿ ಛಲೋ ಎಬ್ಬಸ್ತಾಳ," ಎಂದಳು ಮುದುಕಿ.

ಪ್ರತಿಮಾ ಹೊದಿಕೆ ಸರಿಸಿದಳು. "ಯಾಕ್ರಿ ಆಯಿ, ನಾ ಇಲ್ಲಿ ದನಾ ಕಾಯಾಕತ್ತೇನೇನ್ರಿ? ಏಳ್ರಿ," ಎಂದು ರಟ್ಟೆ ಹಿಡಿದು ಎಬ್ಬಿಸಿದಳು.

ಮೂರನೆಯ ಹೆಜ್ಜೆಗೆ ತಾಯವ್ವನ ಕಾಲು ಸೋತವು. ಪ್ರತಿಮಾ ತಬ್ಬಿ ಹಿಡಿದಳು. ಭಾರ ತಡೆಯದೆ ಇಬ್ಬರೂ ಕುಸಿದರು. ಪ್ರತಿಮಾಳ ಮೊಣಕೈ ಮಂಚದ ಕಬ್ಬಿಣಕ್ಕೆ ಬಡಿದು ತರಚಿತು. ಮುದುಕಿ ಅವಳ ತೊಡೆಯ ಮೇಲೆ ಬಿದ್ದದ್ದರಿಂದ ಏಟಿಲ್ಲದೆ ಉಳಿದಳು.

ಡಾಕ್ಟರು ಓಡಿ ಬಂದು ಕೇಳಿದಾಗ ತಾಯವ್ವನೇ ಬಾಯಿ ತೆರೆದಳು. "ಆಕಿದೇನೂ ತಪ್ಪಿಲ್ರಿ. ನಾನ ಗಡಬಡಿಸಿ ಎದ್ನಿ."

ಪ್ರತಿಮಾ ಅಷ್ಟಕ್ಕೇ ಸುಮ್ಮನಿದ್ದರೆ ನಡೆಯುತ್ತಿತ್ತು. ಊಟ ಅರ್ಧಕ್ಕೇ ಬಿಟ್ಟು ಬಂದ ಅಕ್ಷತಾ ಗಾಯ ಒರೆಸಲು ಹತ್ತಿ ಹಿಡಿದು ಎದುರಿಗೇ ನಿಂತಿದ್ದಳು. ಅವಳ ಮುಂದೆ ತಪ್ಪೊಪ್ಪಿಕೊಳ್ಳುವುದು ಪ್ರತಿಮಾಗೆ ತರಚಿದ ಕೈಗಿಂತ ಹೆಚ್ಚು ಉರಿಯಿತು. ಆದರೂ ಹೇಳಿದಳು.

"ನನ್ನ ಉಳಸಾಕ ಸುಳ್ಳ ಹೇಳಾಕತ್ತಾರ್ರಿ ಸರ್. ಕೂಡಸ್ಲಾರ್ದ ನಾನ ಎಬ್ಬಿಸೀನಿ."

ಮರುದಿನ ಬೆಳಿಗ್ಗೆ ಅಕ್ಷತಾ ಬರುವ ಮೊದಲೇ ಪ್ರತಿಮಾ ಮುದುಕಿಯನ್ನು ಕೂಡಿಸಿ, ಕಾಲು ಇಳಿಬಿಡಿಸಿ ಪಕ್ಕದಲ್ಲಿ ಕುಳಿತಳು. ಕಬ್ಬಿನ ಸುದ್ದಿ, ಸೊಸೆಯ ಸುದ್ದಿ ಎಲ್ಲ ಕೇಳಿದಳು.

"ಕಣ್ಣಿಗೆ ಕತ್ತಲಿ ಬರಾಕತ್ತೇತೇನ್ರಿ ಆಯಿ?"

"ಇಲ್ಲವ್ವಾ."

ಮೆಲ್ಲಗೆ ನಿಲ್ಲಿಸಿ, ಸೊಂಟ ಬಳಸಿ ನಡೆಸಿಕೊಂಡು ಹೋಗಿ, ಹಾಗೆಯೇ ಕರೆತಂದಳು.

"ಥೇಟ್ ಅಕ್ಷತಾನಂಗ ಎಬ್ಬಸಿದಿ ನೋಡು!" ಎಂದು ತಾಯವ್ವ ಖುಷಿಯಿಂದ ಅವಳ ಗಲ್ಲ ಸವರಿದಳು.

ಪ್ರತಿಮಾ ನಕ್ಕಳು. ಒಳಗೆ ಮಾತ್ರ ಚುರ್ರೆಂದಿತು.